ಸ್ಟಾಕ್‌ಹೋಮ್‌ನಲ್ಲಿ ಎರಡೇ ದಿನ: ಯಾವುದನ್ನು ನೋಡೋಣ, ಯಾವುದನ್ನು ಬಿಡೋಣ?

ಸ್ಟಾಕ್‌ಹೋಮ್‌ಗೆ ಬರುವ ನಮ್ಮವರಲ್ಲಿ ತುಂಬಾ ಜನಕ್ಕೆ ಸಿಗುವುದು ಒಂದು ಶನಿವಾರ, ಒಂದು ಭಾನುವಾರ ಅಷ್ಟೇ. ಆಫೀಸ್ ಕೆಲಸದ ಮೇಲೆ ಬೆಂಗಳೂರಿನಿಂದ ಇಲ್ಲಿನ ಐಟಿ ಬಡಾವಣೆ ಶಿಸ್ತಾಗೆ ಬಂದವರು ವಾರವಿಡೀ ಮೀಟಿಂಗ್‌ಗಳಲ್ಲೇ ಇರುತ್ತಾರೆ. ಯುರೋಪ್ ಟೂರ್‌ಗೆ ಹೊರಟವರು ಕೋಪನ್‌ಹೇಗನ್, ಓಸ್ಲೋ ನಡುವೆ ಇದಕ್ಕೂ ಎರಡು ದಿನ ಇಟ್ಟಿರುತ್ತಾರೆ. ನೆಟ್‌ನಲ್ಲಿ ಹುಡುಕಿದರೆ ನೋಡಲೇಬೇಕಾದ ಇಪ್ಪತ್ತು ಜಾಗ ಅಂತ ಪಟ್ಟಿ ಸಿಗುತ್ತದೆ. ಆ ಇಪ್ಪತ್ತೂ ಚೆನ್ನಾಗಿವೆ. ಆದರೆ ಎರಡು ದಿನ ಅಂದರೆ ನಾಲ್ಕು ಅರ್ಧ ದಿನ. ಒಂದು ಅರ್ಧ ದಿನದಲ್ಲಿ ದೊಡ್ಡ ಜಾಗ ಒಂದನ್ನು ಮಾತ್ರ ನೆಮ್ಮದಿಯಾಗಿ ನೋಡಬಹುದು.

ಹಾಗಾಗಿ ಒಂದೇ ಹೊತ್ತಿಗೆ ಪೈಪೋಟಿ ಮಾಡುವ ಜಾಗಗಳನ್ನು ಎದುರುಬದುರು ಇಟ್ಟು ನೋಡುವುದು ಒಳ್ಳೆಯದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಾಸಾ ಹಡಗನ್ನು ಬಿಡಬೇಡಿ. ಒಂದು ಸಲವಾದರೂ ದೋಣಿ ಹತ್ತದೆ ಊರು ಬಿಡಬೇಡಿ. ಯಾಕೆಂದರೆ ಈ ಊರು ಹುಟ್ಟಿದ್ದೇ ನೀರಿನಿಂದ. ಮೇಲಾರೆನ್ ಸರೋವರ ಬಾಲ್ಟಿಕ್ ಸಮುದ್ರವನ್ನು ಸೇರುವ ಜಾಗದಲ್ಲಿ, 14 ದ್ವೀಪಗಳ ಮೇಲೆ ಇದು ಹರಡಿಕೊಂಡಿದೆ. ಉಳಿದದ್ದನ್ನು ಹವಾಮಾನ, ನಿಮ್ಮ ಕಾಲಿನ ಶಕ್ತಿ, ಜೊತೆಗಿರುವವರ ವಯಸ್ಸು ನೋಡಿಕೊಂಡು ಆರಿಸಿಕೊಳ್ಳಿ.

ವಾಸಾನೋ, ಸ್ಕಾನ್ಸೆನ್ನೋ?

ಎರಡೂ ಇರುವುದು ಯೂರ್ಗೋರ್ಡೆನ್ ದ್ವೀಪದಲ್ಲೇ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಹಾಗಾಗಿ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಬೇಸಿಗೆಯಲ್ಲಿ ಅದು ಆಗುತ್ತದೆ, ಆದರೆ ಸಂಜೆ ಹೊತ್ತಿಗೆ ಕಾಲು ಸೋತಿರುತ್ತದೆ. ಒಂದನ್ನೇ ಆರಿಸಬೇಕು ಅಂದರೆ ನಾನು ವಾಸಾ ಅನ್ನುತ್ತೇನೆ.

ವಾಸಾ ಒಂದು ಯುದ್ಧನೌಕೆ. ರಾಜ ಎರಡನೇ ಗುಸ್ತಾವ್ ಅಡಾಲ್ಫ್ ಕಟ್ಟಿಸಿದ್ದು. 1628ರ ಆಗಸ್ಟ್ 10ರಂದು ಮೊದಲ ಪ್ರಯಾಣಕ್ಕೆ ಹೊರಟಿತು. ದಡದಲ್ಲಿ ಜನ ನಿಂತು ನೋಡುತ್ತಿದ್ದರು. ಸುಮಾರು 1300 ಮೀಟರ್ ಹೋಗುವಷ್ಟರಲ್ಲಿ ಗಾಳಿ ಬೀಸಿ ವಾಲಿತು. ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿ, ಬಂದರಿನೊಳಗೇ ಮುಳುಗಿತು. ಎರಡು ಅಂತಸ್ತಿನಲ್ಲಿ ಭಾರದ ಫಿರಂಗಿಗಳು, ಅದನ್ನು ತಡೆದುಕೊಳ್ಳುವಷ್ಟು ಅಗಲವಿಲ್ಲದ ತಳ. ಮೇಲ್ಭಾಗದ ಭಾರ ಜಾಸ್ತಿಯಾಗಿತ್ತು. ಹೊರಡುವ ಮೊದಲು 30 ಜನರನ್ನು ಡೆಕ್ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಿಸಿ ಪರೀಕ್ಷೆ ಮಾಡಿದ್ದರು. ಮೂರು ಸಲ ಓಡುವಷ್ಟರಲ್ಲೇ ಹಡಗು ತೂಗಾಡಿದ್ದು ನೋಡಿ, ಪರೀಕ್ಷೆಯನ್ನೇ ನಿಲ್ಲಿಸಿದರು. ಆದರೂ ಹಡಗು ಹೊರಟಿತು. ಆಮೇಲೆ ವಿಚಾರಣೆ ನಡೆಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ.

333 ವರ್ಷ ನೀರಿನಡಿ ಇದ್ದ ಹಡಗನ್ನು 1961ರಲ್ಲಿ ಮೇಲೆತ್ತಿದರು. ಮರ ಉಳಿದಿದ್ದಕ್ಕೆ ಕಾರಣವಿದೆ. ಬಾಲ್ಟಿಕ್ ನೀರಿನಲ್ಲಿ ಉಪ್ಪು ಕಡಿಮೆ. ಮರ ಕೊರೆದು ತಿನ್ನುವ ಹಡಗುಹುಳ ಇಲ್ಲಿ ಬದುಕುವುದಿಲ್ಲ. ಮೇಲೆತ್ತಿದ ಮೇಲೆ ಮರ ಒಣಗಿ ಸೀಳದಂತೆ 17 ವರ್ಷ ಪಾಲಿಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಸಿಂಪಡಿಸಿದರು. ಇವತ್ತು ನೀವು ನೋಡುವುದರಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ಅಂದಿನದೇ ಮರ. ಉದ್ದ 69 ಮೀಟರ್.

ಹಡಗನ್ನು ಇಟ್ಟಿರುವ ಮ್ಯೂಸಿಯಂ ಒಳಗೆ ಹೋದ ತಕ್ಷಣ ಕತ್ತಲು ಕತ್ತಲಾಗಿ ಕಾಣುತ್ತದೆ. ಮರಕ್ಕೆ ಬೆಳಕು ಆಗಿಬರುವುದಿಲ್ಲ, ಅದಕ್ಕೇ ದೀಪ ಮಂದ ಇಟ್ಟಿದ್ದಾರೆ. ಒಂದು ನಿಮಿಷ ಸುಮ್ನೆ ನಿಲ್ಲಿ, ಕಣ್ಣು ಹೊಂದಿಕೊಳ್ಳಲಿ. ಆಮೇಲೆ ಕಪ್ಪಗೆ, ಎತ್ತರಕ್ಕೆ ಹಡಗು ಎದ್ದು ಬರುತ್ತದೆ. ಹೆಚ್ಚಿನವರು ಮುಂಭಾಗದ ಫೋಟೋ ತೆಗೆದು ಹೊರಟುಬಿಡುತ್ತಾರೆ. ದಯವಿಟ್ಟು ಹಿಂಭಾಗಕ್ಕೆ ಹೋಗಿ, ಮೇಲಿನ ಅಂತಸ್ತು ಹತ್ತಿ. ಸಿಂಹಗಳು, ದೇವತೆಗಳು, ರೋಮನ್ ಚಕ್ರವರ್ತಿಗಳು, ಹೀಗೆ ಕೆತ್ತನೆಗಳು ತುಂಬಿಕೊಂಡಿವೆ. ಒಂದು ಕಾಲದಲ್ಲಿ ಅವಕ್ಕೆಲ್ಲ ಗಾಢ ಬಣ್ಣ ಬಳಿದಿತ್ತು. ಕೆಳಗಿನ ಅಂತಸ್ತಿನಲ್ಲಿ ಹಡಗಿನಲ್ಲಿ ಸತ್ತವರ ಅಸ್ಥಿಪಂಜರಗಳಿವೆ. ನಾವಿಕರ ಬೂಟು, ಟೋಪಿ, ಮರದ ತಟ್ಟೆ, ಚಮಚಗಳೂ ಸಿಕ್ಕಿವೆ. ನನಗೆ ತುಂಬಾ ಇಷ್ಟವಾದದ್ದು ಬಡಗಿಗಳ ಅಳತೆಕೋಲುಗಳ ಕಥೆ. ಕೆಲವರು ಸ್ವೀಡಿಷ್ ಅಡಿ ಬಳಸುತ್ತಿದ್ದರು, ಕೆಲವರು ಆಮ್‌ಸ್ಟರ್‌ಡ್ಯಾಮ್ ಅಡಿ. ಎರಡರ ಉದ್ದವೂ ಬೇರೆ. ಹಡಗಿನ ಎಡ ಬಲ ಒಂದೇ ಸಮ ಇಲ್ಲದಿರುವುದಕ್ಕೆ ಇದೂ ಒಂದು ಕಾರಣ ಅನ್ನುತ್ತಾರೆ.

ಇದಕ್ಕೆ ಎರಡು ಗಂಟೆ ಕೊಡಿ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟೂವರೆಗೇ ಬಾಗಿಲು ತೆರೆಯುತ್ತದೆ. ಆ ಹೊತ್ತಿಗೆ ಹೋದವರಿಗೆ ಸಾಲಿನ ಕಾಟವಿಲ್ಲ. ಹನ್ನೊಂದರ ನಂತರ ಕ್ರೂಸ್ ಹಡಗುಗಳಿಂದ ಇಳಿದ ಗುಂಪುಗಳು ಬರುತ್ತವೆ. ಮಕ್ಕಳಿಗೆ 18 ವರ್ಷದವರೆಗೆ ಟಿಕೆಟ್ ಇಲ್ಲ. ಇಡೀ ಜಾಗ ಒಳಾಂಗಣ, ಲಿಫ್ಟ್ ಇದೆ, ಆದ್ದರಿಂದ ವಯಸ್ಸಾದವರಿಗೂ ಸುಲಭ. ಒಳಗೆ ಸ್ವಲ್ಪ ತಣ್ಣಗಿರುತ್ತದೆ, ಬೇಸಿಗೆಯಲ್ಲೂ ಒಂದು ಸ್ವೆಟರ್ ಕೈಯಲ್ಲಿರಲಿ.

ಈಗ ಸ್ಕಾನ್ಸೆನ್. 1891ರಲ್ಲಿ ಆರ್ತುರ್ ಹಾಸೇಲಿಯುಸ್ ಎಂಬವರು ಶುರು ಮಾಡಿದ ಬಯಲು ವಸ್ತುಸಂಗ್ರಹಾಲಯ. ಈ ಬಗೆಯದರಲ್ಲಿ ಜಗತ್ತಿನಲ್ಲೇ ಹಳೆಯದು. ಕಾರ್ಖಾನೆಗಳು ಬಂದು ಹಳ್ಳಿಯ ಬದುಕು ಕಣ್ಣೆದುರೇ ಮಾಯವಾಗುತ್ತಿದ್ದ ಕಾಲ ಅದು. ದೇಶದ ಮೂಲೆಮೂಲೆಯಿಂದ ಹಳೆಯ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದರು. ಸುಮಾರು 150 ಕಟ್ಟಡಗಳಿವೆ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿದವರಿಗೆ ಇದು ಎಂಥ ಕೆಲಸ ಅಂತ ಕೂಡಲೇ ಅರ್ಥವಾಗುತ್ತದೆ. ಇಲ್ಲಿ ಹಳೆಯ ಕಾಲದ ಉಡುಪು ಹಾಕಿಕೊಂಡವರು ಮನೆಯೊಳಗೆ ಕೂತು ನೂಲುತ್ತಾರೆ, ಬ್ರೆಡ್ ಬೇಯಿಸುತ್ತಾರೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾರೆ. ಗಾಜು ಊದುವ ಕಾರ್ಯಾಗಾರವೂ ಇದೆ. ಇನ್ನೊಂದು ಕಡೆ ಉತ್ತರ ದೇಶದ ಪ್ರಾಣಿಗಳು: ಮೂಸ್, ಹಿಮಸಾರಂಗ, ಕರಡಿ, ತೋಳ, ಲಿಂಕ್ಸ್.

ಮಕ್ಕಳಿದ್ದರೆ, ಬಿಸಿಲಿದ್ದರೆ, ಸ್ಕಾನ್ಸೆನ್‌ಗೆ ಅರ್ಧ ದಿನ ಕೊಟ್ಟರೂ ಲಾಭವೇ. ಆದರೆ ಮೂರು ವಿಷಯ ನೆನಪಿರಲಿ. ಇದು ಗುಡ್ಡದ ಮೇಲಿದೆ, ಏರಿಳಿತ ಜಾಸ್ತಿ, ಮಂಡಿ ನೋವಿನವರಿಗೆ ಕಷ್ಟ. ಮಳೆ ಬಂದರೆ ಅರ್ಧ ಸಂತೋಷ ಹೋಗುತ್ತದೆ. ಚಳಿಗಾಲದಲ್ಲಿ ಕರಡಿಗಳು ನಿದ್ದೆಗೆ ಹೋಗಿರುತ್ತವೆ, ಬಹಳಷ್ಟು ಮನೆಗಳ ಬಾಗಿಲೂ ಮುಚ್ಚಿರುತ್ತದೆ. ಡಿಸೆಂಬರ್‌ನ ವಾರಾಂತ್ಯ ಮಾತ್ರ ಬೇರೆ ಮಾತು. ಆಗ ಇಲ್ಲಿ ನಡೆಯುವ ಕ್ರಿಸ್‌ಮಸ್ ಸಂತೆಗೆ ನೂರು ವರ್ಷ ದಾಟಿದ ಇತಿಹಾಸವಿದೆ.

ಅದೇ ದ್ವೀಪದಲ್ಲಿ ಸ್ವೀಡನ್ನಿನ ಪಾಪ್ ಸಂಗೀತ ತಂಡ ಆಬ್ಬಾದ ಮ್ಯೂಸಿಯಂ ಇದೆ, ಗ್ರೋನಾ ಲುಂಡ್ ಎಂಬ ಹಳೆಯ ಅಮ್ಯೂಸ್‌ಮೆಂಟ್ ಪಾರ್ಕ್ ಇದೆ. ಆ ಹಾಡುಗಳನ್ನು ಕೇಳಿ ಬೆಳೆದವರು ಆಬ್ಬಾಗೆ ಖಂಡಿತ ಹೋಗಿ, ಖುಷಿಪಡುತ್ತೀರಿ. ಹಾಡುಗಳ ಪರಿಚಯ ಇಲ್ಲದವರಿಗೆ ಆ ಟಿಕೆಟ್ ದುಬಾರಿ ಅನ್ನಿಸುತ್ತದೆ. ಪುಟ್ಟ ಮಕ್ಕಳಿದ್ದರೆ ವಾಸಾ ಪಕ್ಕದ ಯುನಿಬಾಕೆನ್ ನೋಡಿ, ಕಥೆಗಳ ಲೋಕದೊಳಗೆ ಪುಟಾಣಿ ರೈಲಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ.

ದೋಣಿ ಯಾವುದು?

ದುಡ್ಡು, ಸಮಯ ಎರಡೂ ಸುಮ್ನೆ ಹೋಗುವುದು ಇಲ್ಲಿ. ಬಂದರಿನ ಪಕ್ಕ ನಡೆದರೆ ಹತ್ತಾರು ಬೋರ್ಡ್‌ಗಳು ಕರೆಯುತ್ತವೆ. ಎಲ್ಲವೂ ಒಂದೇ ಥರ ಕಾಣುತ್ತವೆ, ಆದರೆ ಸಿಗುವ ಅನುಭವ ಬೇರೆ ಬೇರೆ.

ಎಲ್ಲಕ್ಕಿಂತ ಅಗ್ಗದ್ದು ಹಳೆ ಊರಿನ ಪಕ್ಕದ ಸ್ಲುಸ್ಸೆನ್‌ನಿಂದ ಯೂರ್ಗೋರ್ಡೆನ್‌ಗೆ ಹೋಗುವ ಫೆರ್ರಿ. ಇದು ಊರಿನ ಸಾರಿಗೆಯ ಭಾಗ. ಮೆಟ್ರೋ, ಬಸ್ಸಿಗೆ ನಡೆಯುವ ಎಸ್‌ಎಲ್ ಟಿಕೆಟ್ ಇದಕ್ಕೂ ನಡೆಯುತ್ತದೆ. ಹತ್ತು ನಿಮಿಷ ಚಿಲ್ಲರೆ ಸಾಕು. ಆದರೆ ಆ ಹೊತ್ತಿನಲ್ಲಿ ಹಳೆ ಊರಿನ ಸಾಲುಮನೆಗಳು ಹಿಂದೆ ಸರಿಯುತ್ತವೆ, ಎಡಕ್ಕೆ ಶೆಪ್ಸ್‌ಹೋಲ್ಮೆನ್ ದ್ವೀಪ, ಬಲಕ್ಕೆ ಬಂಡೆಯ ಮೇಲೆ ಸೋಡರ್‌ಮಾಲ್ಮ್. ಎಷ್ಟೋ ಜನ ಇದು ಗೊತ್ತಿಲ್ಲದೆ ಅದೇ ನೋಟಕ್ಕೆ ಹತ್ತುಪಟ್ಟು ದುಡ್ಡು ಕೊಡುತ್ತಾರೆ. ವಾಸಾಗೆ ಟ್ರಾಮ್‌ನಲ್ಲಿ ಹೋಗಿ ಫೆರ್ರಿಯಲ್ಲಿ ವಾಪಸ್ ಬಂದರೆ ಎರಡೂ ಆದಂತಾಯಿತು. ಸ್ಲುಸ್ಸೆನ್ ಸುತ್ತ ವರ್ಷಗಳಿಂದ ದೊಡ್ಡ ಕಾಮಗಾರಿ ನಡೆಯುತ್ತಿದೆ. ದಾರಿಗಳು ಬದಲಾಗುತ್ತಿರುತ್ತವೆ, ಬೋರ್ಡ್ ನೋಡಿಕೊಂಡು ನಡೆಯಿರಿ.

ಎರಡನೆಯದು ಸೇತುವೆಗಳ ಕೆಳಗೆ ಸುತ್ತಿಸುವ ಪ್ರವಾಸಿ ದೋಣಿ. ಸುಮಾರು ಎರಡು ಗಂಟೆ. ಕಿವಿಗೆ ಹೆಡ್‌ಫೋನ್ ಕೊಟ್ಟು ಇತಿಹಾಸ ಹೇಳುತ್ತಾರೆ. ಸರೋವರದ ನೀರು ಸಮುದ್ರಕ್ಕಿಂತ ಸ್ವಲ್ಪ ಎತ್ತರದಲ್ಲಿದೆ. ದೋಣಿಯನ್ನು ಲಾಕ್ ಒಳಗೆ ನಿಲ್ಲಿಸಿ, ಗೇಟು ಮುಚ್ಚಿ, ನೀರಿನ ಮಟ್ಟ ಸರಿಮಾಡಿ ಆಚೆ ಬಿಡುವುದನ್ನು ಕೂತಲ್ಲೇ ನೋಡಬಹುದು. ನಡೆಯಲಾಗದ ಹಿರಿಯರು ಜೊತೆಗಿದ್ದರೆ ಇದೇ ಒಳ್ಳೆಯ ಆಯ್ಕೆ. ಊರಿನ ಮುಖ್ಯ ದ್ವೀಪಗಳೆಲ್ಲ ಕೂತಲ್ಲಿಂದಲೇ ಕಂಡುಬಿಡುತ್ತವೆ.

ಮೂರನೆಯದು ದ್ವೀಪಸ್ತೋಮ. ಸ್ಟಾಕ್‌ಹೋಮ್‌ನಿಂದ ಪೂರ್ವಕ್ಕೆ ಸುಮಾರು 30,000 ದ್ವೀಪ, ಬಂಡೆಗಳು ಸಮುದ್ರದಲ್ಲಿ ಚೆಲ್ಲಿಕೊಂಡಿವೆ. ಅರ್ಧ ದಿನದಲ್ಲಿ ಮುಗಿಸಬೇಕು ಅಂದರೆ ಎರಡು ಹೆಸರು ಎದುರಿಗೆ ಬರುತ್ತವೆ: ಫ್ಯೆಡರ್‌ಹೋಲ್ಮಾರ್ನಾ ಮತ್ತು ವಾಕ್ಸ್‌ಹೋಮ್. ಫ್ಯೆಡರ್‌ಹೋಲ್ಮಾರ್ನಾ ಅರ್ಧ ಗಂಟೆಯ ದೂರ. ಚಿಕ್ಕ ದ್ವೀಪಗಳು, ಕರಕುಶಲ ಅಂಗಡಿಗಳು, ನುಣುಪಾದ ಬಂಡೆಗಳು, ಕಾಫಿ. ಸಮಯ ತೀರಾ ಕಡಿಮೆ ಇದ್ದವರಿಗೆ ಸರಿ, ಆದರೆ ಬೇಸಿಗೆಯಲ್ಲಿ ಮಾತ್ರ.

ನಾನು ವಾಕ್ಸ್‌ಹೋಮ್ ಕಡೆ. ಸ್ಟ್ರೋಮ್‌ಕಾಯೆನ್ ದಡದಿಂದ ಬಿಳಿ ಹಡಗು ಹೊರಡುತ್ತದೆ, ಒಂದು ಗಂಟೆ ಚಿಲ್ಲರೆ ಹಿಡಿಯುತ್ತದೆ. ನೋಡಲೇಬೇಕಾದದ್ದು ದಾರಿಯೇ. ದಡದುದ್ದಕ್ಕೂ ಪೈನ್ ಮರಗಳು, ಕೆಂಪು ಬಣ್ಣದ ಮರದ ಮನೆಗಳು, ಪ್ರತಿ ಮನೆಗೂ ಒಂದು ಪುಟ್ಟ ಕಟ್ಟೆ, ಅದಕ್ಕೆ ಕಟ್ಟಿದ ದೋಣಿ. ಹಡಗು ಒಂದು ಚಿಕ್ಕ ಕಟ್ಟೆಗೆ ತಾಗುತ್ತದೆ, ಯಾರೋ ಒಬ್ಬರು ಕಿರಾಣಿ ಚೀಲ ಹಿಡಿದು ಇಳಿಯುತ್ತಾರೆ, ಹಡಗು ಮತ್ತೆ ಹೊರಡುತ್ತದೆ. ಇದು ಇಲ್ಲಿನವರ ದಿನನಿತ್ಯದ ಬಸ್ಸು. ವಾಕ್ಸ್‌ಹೋಮ್ ಪುಟ್ಟ ಊರು, ಎದುರಿನ ದ್ವೀಪದಲ್ಲಿ 16ನೇ ಶತಮಾನದಲ್ಲಿ ಶುರುವಾದ ಕೋಟೆ. ಒಂದೆರಡು ಗಂಟೆ ಸುತ್ತಿದರೆ ಸಾಕು. ವಾಪಸ್ ಬರಲು ಹಡಗು ಸಿಗದಿದ್ದರೆ ಬಸ್ಸಿದೆ, ಸುಮಾರು ಮುಕ್ಕಾಲು ಗಂಟೆಯಲ್ಲಿ ಮೆಟ್ರೋಗೆ ತಂದು ಬಿಡುತ್ತದೆ. ಹೋಗುವಾಗ ಹಡಗು, ಬರುವಾಗ ಬಸ್ಸು ಮಾಡಿದರೆ ಸಮಯವೂ ಉಳಿಯುತ್ತದೆ.

ಸರೋವರದ ಕಡೆಗೆ ಹೋದರೆ ಡ್ರೋಟ್ನಿಂಗ್‌ಹೋಮ್ ಅರಮನೆ. 1991ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು, ರಾಜಕುಟುಂಬ ಈಗಲೂ ಅಲ್ಲೇ ವಾಸ. 1766ರ ನಾಟಕಶಾಲೆಯೊಂದಿದೆ, ಅಂದಿನ ಮರದ ರಂಗಯಂತ್ರಗಳು ಇವತ್ತಿಗೂ ಕೆಲಸ ಮಾಡುತ್ತವೆ. ರಂಗಭೂಮಿಯ ಒಲವಿದ್ದವರು ವಾಕ್ಸ್‌ಹೋಮ್ ಬಿಟ್ಟು ಇಲ್ಲಿಗೇ ಹೋಗಿ ಅನ್ನುತ್ತೇನೆ. ಅರಮನೆ, ತೋಟ ಇಷ್ಟಪಡುವವರಿಗೂ ಸರಿ. ಆದರೆ ಪ್ಯಾರಿಸ್, ವಿಯೆನ್ನಾ ಅರಮನೆಗಳನ್ನು ಅದೇ ಟ್ರಿಪ್‌ನಲ್ಲಿ ನೋಡುತ್ತಿದ್ದರೆ ಇದನ್ನು ಬಿಡಬಹುದು. ದ್ವೀಪಸ್ತೋಮ ಅಲ್ಲೆಲ್ಲೂ ಸಿಗುವುದಿಲ್ಲ.

ಹೆಲ್ಸಿಂಕಿ ಅಥವಾ ಟಾಲಿನ್‌ಗೆ ರಾತ್ರಿ ಹಡಗಿನ ಆಸೆಯೂ ಹಲವರಿಗೆ ಇರುತ್ತದೆ. ಸಂಜೆ ಹೊರಟು ಬೆಳಿಗ್ಗೆ ಇನ್ನೊಂದು ದೇಶ. ಕೇಳಲು ಚೆನ್ನಾಗಿದೆ. ನಾಲ್ಕೈದು ದಿನ ಇದ್ದರೆ ಮಾಡಿ. ಎರಡೇ ದಿನ ಇದ್ದರೆ ಬೇಡ, ಎರಡು ಊರನ್ನೂ ಅರ್ಧಂಬರ್ಧ ನೋಡಿದಂತಾಗುತ್ತದೆ.

ಹಳೆ ಊರು, ನೊಬೆಲ್, ಸಿಟಿ ಹಾಲ್

ಗಮ್ಲಾ ಸ್ಟಾನ್ ಅಂದರೆ ಹಳೆ ಊರು. ಇಲ್ಲಿ ಸುತ್ತಲು ಟಿಕೆಟ್ ಬೇಡ. ಬೆಳಿಗ್ಗೆ ಬೇಗ ಅಥವಾ ಊಟದ ನಂತರ ರಾತ್ರಿ ಹೋಗಿ. ಮಧ್ಯಾಹ್ನ ಮುಖ್ಯ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಅಂಗಡಿಗಳೂ ಪೂರ್ತಿ ಪ್ರವಾಸಿಗರಿಗೆಂದೇ ಇರುವಂಥವು. ಒಂದು ಗಲ್ಲಿ ಆಚೆ ಸರಿದರೆ ಸಾಕು, ಜನವೇ ಇಲ್ಲ. ಮೋರ್ಟೆನ್ ಟ್ರೋಟ್ಸಿಗ್ ಎಂಬ ಗಲ್ಲಿ ಒಂದು ಕಡೆ ಬರೀ 90 ಸೆಂಟಿಮೀಟರ್ ಅಗಲ, ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಒತ್ತಿ ನಿಲ್ಲಬೇಕು. ಫಿನ್ನಿಷ್ ಚರ್ಚಿನ ಹಿಂದಿನ ಅಂಗಳದಲ್ಲಿ ಮಂಡಿ ಮಡಿಚಿ ಕೂತು ಚಂದ್ರನನ್ನು ನೋಡುವ ಹುಡುಗನ ಕಬ್ಬಿಣದ ಶಿಲ್ಪವಿದೆ. ಎತ್ತರ 15 ಸೆಂಟಿಮೀಟರ್ ಅಷ್ಟೇ. ಚಳಿಗಾಲದಲ್ಲಿ ಊರಿನವರು ಯಾರೋ ಅವನಿಗೆ ಉಲ್ಲನ್ ಟೋಪಿ ಹೆಣೆದು ಹಾಕಿರುತ್ತಾರೆ. ತಲೆ ಸವರಿ ಸವರಿ ಹೊಳೆಯುತ್ತಿದೆ.

ಟಿಕೆಟ್ ತೆಗೆದು ಒಳಗೆ ಹೋಗುವುದಾದರೆ ಮೂರು ಆಯ್ಕೆ: ಅರಮನೆ, ನೊಬೆಲ್ ಪ್ರಶಸ್ತಿ ಮ್ಯೂಸಿಯಂ, ಸ್ವಲ್ಪ ದೂರದ ಸಿಟಿ ಹಾಲ್.

ಅರಮನೆಯಲ್ಲಿ 600ಕ್ಕೂ ಹೆಚ್ಚು ಕೋಣೆಗಳಿವೆ. ಒಳಗಿನದಕ್ಕಿಂತ ಹೊರಗಿನ ಕಾವಲು ಬದಲಾವಣೆಯೇ ನನಗೆ ಹೆಚ್ಚು ಇಷ್ಟ. ವಾರದ ದಿನ 12:15ಕ್ಕೆ, ಭಾನುವಾರ 13:15ಕ್ಕೆ. ಉಚಿತ. ಬೇಸಿಗೆಯಲ್ಲಿ ದಿನವೂ ಇರುತ್ತದೆ, ಬೇರೆ ಕಾಲದಲ್ಲಿ ಕೆಲವು ದಿನ ಮಾತ್ರ. ಅರ್ಧ ಗಂಟೆ ಮೊದಲೇ ಹೋಗಿ ನಿಂತರೆ ಮಕ್ಕಳಿಗೆ ಚೆನ್ನಾಗಿ ಕಾಣುತ್ತದೆ.

ನೊಬೆಲ್ ಮ್ಯೂಸಿಯಂ ಚಿಕ್ಕದು, ಒಂದು ಗಂಟೆ ಸಾಕು. ವಿಜ್ಞಾನ ಓದುವ ಮಕ್ಕಳಿದ್ದರೆ ತಪ್ಪಿಸಬೇಡಿ. ಚಾವಣಿಯಲ್ಲಿ ತಂತಿಯ ಮೇಲೆ ಪ್ರಶಸ್ತಿ ವಿಜೇತರ ಚಿತ್ರಗಳು ಒಂದರ ಹಿಂದೆ ಒಂದು ಸಾಗುತ್ತಿರುತ್ತವೆ. ಬಂದ ವಿಜೇತರು ತಮ್ಮದೊಂದು ವಸ್ತುವನ್ನು ಇಲ್ಲಿ ಬಿಟ್ಟು ಹೋಗುವ ಪದ್ಧತಿ ಇದೆ. ಅಮರ್ತ್ಯ ಸೇನ್ ತಮ್ಮ ಸೈಕಲ್ ಕೊಟ್ಟಿದ್ದಾರೆ. ಪಕ್ಕದ ಕೆಫೆಯ ಕುರ್ಚಿಗಳ ತಳದಲ್ಲಿ ವಿಜೇತರ ಸಹಿ ಇರುತ್ತದೆ, ಕುರ್ಚಿ ತಿರುಗಿಸಿ ನೋಡಬಹುದು.

ಸಿಟಿ ಹಾಲ್ ಇವೆರಡಕ್ಕಿಂತ ಒಂದು ತೂಕ ಹೆಚ್ಚು ಅನ್ನುವುದು ನನ್ನ ಅನಿಸಿಕೆ. 1923ರಲ್ಲಿ ತೆರೆದ, ಸುಮಾರು 80 ಲಕ್ಷ ಇಟ್ಟಿಗೆಗಳ ಕಟ್ಟಡ. ವಾಸ್ತುಶಿಲ್ಪಿ ರಾಗ್ನಾರ್ ಓಸ್ಟ್‌ಬೆರ್ಗ್. ಡಿಸೆಂಬರ್ 10ರ ನೊಬೆಲ್ ಔತಣ ನಡೆಯುವುದು ಇಲ್ಲೇ. ಮೇಲಿನ ಚಿನ್ನದ ಸಭಾಂಗಣದ ಗೋಡೆ ತುಂಬ 1 ಕೋಟಿ 80 ಲಕ್ಷ ಮೊಸಾಯಿಕ್ ಚೂರುಗಳು. ಬಾಗಿಲಲ್ಲಿ ನಿಂತಾಗ ಎಲ್ಲರೂ ಒಂದು ಕ್ಷಣ ಮಾತು ನಿಲ್ಲಿಸುತ್ತಾರೆ. 1930ರ ಡಿಸೆಂಬರ್‌ನಲ್ಲಿ ಸಿ.ವಿ. ರಾಮನ್ ಈ ಊರಿಗೆ ಬಂದು ಭೌತಶಾಸ್ತ್ರದ ಪ್ರಶಸ್ತಿ ಪಡೆದರು. ಸಿಟಿ ಹಾಲ್‌ನಲ್ಲಿ ನೊಬೆಲ್ ಔತಣ ಮೊದಲ ಬಾರಿ ನಡೆದದ್ದೂ ಅದೇ ವರ್ಷ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ರಾಮನ್ ಕೊನೆಯವರೆಗೂ ಬೆಂಗಳೂರಿನಲ್ಲೇ ಉಳಿದರು. ಬೆಂಗಳೂರಿನಿಂದ ಹೋದವರಿಗೆ ಈ ನಂಟು ಸುಮ್ನೆ ಮರೆಯುವಂಥದ್ದಲ್ಲ ಅಲ್ವಾ?

ಒಂದು ತೊಡಕಿದೆ. ಒಳಗೆ ಹೋಗಲು ಗೈಡ್ ಜೊತೆಯೇ ಹೋಗಬೇಕು. ಸುಮಾರು 45 ನಿಮಿಷ. ಸಮಾರಂಭಗಳಿದ್ದರೆ ಪ್ರವೇಶ ಇರುವುದಿಲ್ಲ, ಡಿಸೆಂಬರ್ ಮೊದಲ ವಾರಗಳಲ್ಲಂತೂ ನೋಡಿಕೊಂಡೇ ಹೋಗಿ. ಒಳಗೆ ಹೋಗಲಾಗದಿದ್ದರೂ ಸರೋವರದ ದಂಡೆಯ ಅಂಗಳಕ್ಕೆ ಯಾರು ಬೇಕಾದರೂ ಹೋಗಿ ಕೂರಬಹುದು.

ಮಳೆ ಬಂದರೆ ಮೆಟ್ರೋ

ಮೆಟ್ರೋವನ್ನು ನೋಡುವ ಜಾಗ ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲಿ ಹಿಡಿಯಬೇಕು. 100 ನಿಲ್ದಾಣಗಳಲ್ಲಿ 90ಕ್ಕೂ ಹೆಚ್ಚು ಕಡೆ ಕಲೆ ಇದೆ. ಎಲ್ಲವನ್ನೂ ನೋಡುವ ಹಟ ಬೇಡ, ನೀಲಿ ಮಾರ್ಗ ಒಂದೇ ಸಾಕು. ಈ ಮಾರ್ಗದಲ್ಲಿ ಬಂಡೆಯನ್ನು ಕೊರೆದ ಮೇಲೆ ನುಣುಪು ಮಾಡದೆ, ಒರಟಾಗಿ ಗುಹೆಯಂತೆಯೇ ಬಿಟ್ಟು ಅದರ ಮೇಲೆ ಬಣ್ಣ ಬಳಿದಿದ್ದಾರೆ.

ಟಿ-ಸೆಂಟ್ರಾಲೆನ್‌ನಲ್ಲಿ ಬಿಳಿ ಬಂಡೆಯ ಮೇಲೆ ನೀಲಿ ಬಳ್ಳಿಗಳು. ಜಾಸ್ತಿ ಗಡಿಬಿಡಿಯ ನಿಲ್ದಾಣ, ಜನರ ಮನಸ್ಸು ಶಾಂತವಾಗಲಿ ಅಂತ ಕಲಾವಿದ ನೀಲಿ ಆರಿಸಿಕೊಂಡರಂತೆ. ಒಂದು ಕಡೆ ನಿಲ್ದಾಣ ಕಟ್ಟಿದ ಕೆಲಸಗಾರರ ನೆರಳುಚಿತ್ರಗಳೂ ಚಾವಣಿಯ ಮೇಲಿವೆ. ಅದನ್ನು ತಪ್ಪದೆ ಹುಡುಕಿ. ಕುಂಗ್ಸ್‌ಟ್ರೇಡ್‌ಗೋರ್ಡೆನ್ ಹಳೆಯ ಅರಮನೆಯೊಂದರ ಅವಶೇಷದಂತಿದೆ. ರೋಡ್‌ಹ್ಯೂಸೆಟ್ ಇಡೀ ಕಂದುಗೆಂಪು ಗುಹೆ. ಸೋಲ್ನಾ ಸೆಂಟ್ರಮ್‌ನಲ್ಲಿ ಕೆಂಪು ಆಕಾಶದ ಕೆಳಗೆ ಹಸಿರು ಕಾಡು, 1970ರ ದಶಕದ ಸ್ವೀಡನ್ನಿನ ಪರಿಸರದ ಆತಂಕಗಳೆಲ್ಲ ಅದರಲ್ಲಿವೆ: ಕಡಿದ ಮರಗಳು, ಖಾಲಿಯಾಗುವ ಹಳ್ಳಿಗಳು. ಶಿಸ್ತಾದಲ್ಲಿ ಉಳಿದುಕೊಂಡವರಿಗೆ ಇದೆಲ್ಲ ದಿನ ಓಡಾಡುವ ದಾರಿಯಲ್ಲೇ ಬರುತ್ತದೆ. ಒಂದು ಸಂಜೆ ವಾಪಸ್ ಹೋಗುವಾಗ ಅಲ್ಲಲ್ಲಿ ಇಳಿದು ಮುಂದಿನ ರೈಲು ಹಿಡಿದರೆ ಆಯಿತು. ಒಂದು ಟಿಕೆಟ್ 75 ನಿಮಿಷ ನಡೆಯುತ್ತದೆ.

ಮಳೆಯ ದಿನ ವಾಸಾ, ನೊಬೆಲ್, ಮೆಟ್ರೋ ಈ ಮೂರನ್ನು ಇಟ್ಟುಕೊಂಡು, ದೋಣಿಯನ್ನು ಮರುದಿನಕ್ಕೆ ತಳ್ಳಿ. ರಾತ್ರಿಯೂ ಏನಾದರೂ ಬೇಕು ಅಂದರೆ ಫೋಟೋಗ್ರಾಫಿಸ್ಕಾ ಇದೆ. ಛಾಯಾಚಿತ್ರಗಳ ಪ್ರದರ್ಶನಕ್ಕೆ ಮೀಸಲಾದ ಜಾಗ, ಉಳಿದ ಮ್ಯೂಸಿಯಂಗಳು ಬಾಗಿಲು ಹಾಕಿದ ಮೇಲೂ ತೆರೆದಿರುತ್ತದೆ.

ಎತ್ತರದಿಂದ ಊರು ನೋಡಲು ದುಡ್ಡು ಕೊಡಬೇಡಿ. ಸೋಡರ್‌ಮಾಲ್ಮ್‌ನ ಮಾಂಟೇಲಿಯುಸ್‌ವೇಗನ್ ಕಾಲುದಾರಿ ಸುಮಾರು 500 ಮೀಟರ್ ಉದ್ದ. ಕೆಳಗೆ ಸರೋವರ, ಎದುರಿಗೆ ಸಿಟಿ ಹಾಲ್, ಬಲಕ್ಕೆ ಹಳೆ ಊರು. ಜೂನ್‌ನಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ. ಸಿಟಿ ಹಾಲ್ ಗೋಪುರ 106 ಮೀಟರ್ ಎತ್ತರ, ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ. ಆದರೆ ಅದು ಬೇಸಿಗೆಗೆ ಮಾತ್ರ, ಮೆಟ್ಟಿಲೂ ಜಾಸ್ತಿ. ಗೋಪುರದಿಂದ ನೋಡಿದರೆ ಗೋಪುರ ಕಾಣುವುದಿಲ್ಲ ಅನ್ನುವುದೂ ಒಂದು ಮಾತು.

ಹೊಟ್ಟೆಗೆ

ಹೋಟೆಲ್ ಊಟ ದುಬಾರಿ. ವಾರದ ದಿನಗಳಲ್ಲಿ ಮಧ್ಯಾಹ್ನ 11ರಿಂದ 2ರವರೆಗೆ ಸಿಗುವ ದಾಗೆನ್ಸ್ ಲಂಚ್ ಹುಡುಕಿ. ಊಟ, ಸಲಾಡ್, ಬ್ರೆಡ್, ಕಾಫಿ ಎಲ್ಲ ಒಂದೇ ಬೆಲೆಗೆ. ಅದೇ ಜಾಗದಲ್ಲಿ ರಾತ್ರಿ ತಿಂದರೆ ಬಿಲ್ ಎಷ್ಟೋ ಹೆಚ್ಚು. ಬೋರ್ಡ್‌ನಲ್ಲಿ ವೆಜಿಟಾರಿಸ್ಕ್ ಅಂತ ಒಂದು ಬಗೆ ಹೆಚ್ಚಿನ ಕಡೆ ಇದ್ದೇ ಇರುತ್ತದೆ. ಶನಿವಾರ, ಭಾನುವಾರ ಬಂದ ಸಸ್ಯಾಹಾರಿಗಳಿಗೆ ಫಲಾಫೆಲ್ ಅಂಗಡಿಗಳಿವೆ. ಸ್ವಲ್ಪ ಖರ್ಚಾದರೂ ಪರವಾಗಿಲ್ಲ ಅಂದರೆ ಸೋಡರ್‌ಮಾಲ್ಮ್‌ನ ಹರ್ಮನ್ಸ್‌ನ ಸಸ್ಯಾಹಾರಿ ಬಫೆ, ಬಂದರಿನ ನೋಟದೊಂದಿಗೆ. ನಲ್ಲಿ ನೀರು ಚೆನ್ನಾಗಿದೆ, ಬಾಟಲಿ ನೀರಿಗೆ ದುಡ್ಡು ಹಾಕಬೇಡಿ.

ಮಧ್ಯಾಹ್ನ ಮೂರರ ಹೊತ್ತಿಗೆ ಫಿಕಾ. ಕಾಫಿ, ಬನ್ನು, ಮಾತು. ದಾಲ್ಚಿನ್ನಿ ಬನ್ ಹೆಚ್ಚು ಹೆಸರುವಾಸಿ. ನಾನಾದರೆ ಏಲಕ್ಕಿ ಬನ್ ತೆಗೆದುಕೊಳ್ಳಿ ಅನ್ನುತ್ತೇನೆ. ಏಲಕ್ಕಿಯನ್ನು ನುಣ್ಣಗೆ ಪುಡಿ ಮಾಡದೆ ತರಿತರಿಯಾಗಿ ಕುಟ್ಟಿ ಹಾಕಿರುತ್ತಾರೆ, ಗಂಟು ಹಾಕಿದ ಹಿಟ್ಟಿನ ಮೇಲೆ ಸಕ್ಕರೆ ಜೊತೆ ಕಪ್ಪು ಚುಕ್ಕಿಯಾಗಿ ಕಾಣುತ್ತದೆ. ಕಚ್ಚಿದಾಗ ಹಲ್ಲಿಗೆ ಸಿಕ್ಕಿ ಘಮ್ಮನ್ನುತ್ತದೆ. ಸಕಲೇಶಪುರ, ಕೊಡಗಿನ ಕಡೆಯವರು ತಿಂದು ನೋಡಲೇಬೇಕು.

ಪಾಸ್ ಬೇಕಾ?

ಎಲ್ಲ ಆಕರ್ಷಣೆಗಳಿಗೂ ಒಂದೇ ಪಾಸ್ ಅಂತ ಮಾರುತ್ತಾರೆ. ದಿನಕ್ಕೆ ಮೂರು ನಾಲ್ಕು ಟಿಕೆಟ್ ಜಾಗಗಳಿಗೆ ಓಡುವವರಿಗೆ ಮಾತ್ರ ಅದು ಗಿಟ್ಟುತ್ತದೆ. ನಾನು ಹೇಳಿದಂತೆ ದಿನಕ್ಕೆ ಒಂದೆರಡು ನೋಡುವವರಿಗೆ ಬಿಡಿ ಟಿಕೆಟ್ಟೇ ಅಗ್ಗ. ದುಡ್ಡು ಹಾಕಬೇಕಾದ್ದು ಎಸ್‌ಎಲ್ ಪ್ರಯಾಣದ ಪಾಸ್‌ಗೆ. 24 ಗಂಟೆ, 72 ಗಂಟೆಯದು ಇದೆ. ದಿನಕ್ಕೆ ಎರಡೇ ಸಲ ಓಡಾಡುವುದಾದರೆ ಅದೂ ಬೇಡ, ಗೇಟಿನಲ್ಲಿ ನಿಮ್ಮ ಕಾರ್ಡ್ ತಾಗಿಸಿದರೆ ಸಾಕು. ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡ್ ಇರಲಿ. ಇಲ್ಲಿ ಯೂರೋ ನಡೆಯುವುದಿಲ್ಲ, ಕ್ರೋನಾ. ನಗದು ತೆಗೆದುಕೊಳ್ಳದ ಅಂಗಡಿಗಳೇ ಹೆಚ್ಚು, ಸಾರ್ವಜನಿಕ ಶೌಚಾಲಯಕ್ಕೂ ಕಾರ್ಡೇ ಬೇಕಾಗಬಹುದು. ಅಪ್ಪ ಅಮ್ಮ ಇಬ್ಬರೇ ಓಡಾಡುವುದಾದರೆ ಹೊರದೇಶದಲ್ಲಿ ನಡೆಯುವ ಕಾರ್ಡ್ ಒಂದನ್ನು ಅವರ ಕೈಗೆ ಕೊಟ್ಟಿರಿ.

ಬೇಸಿಗೆಯೋ, ಚಳಿಗಾಲವೋ

ಈ ಬರಹದ ಅರ್ಧ ಮಾತು ಮೇನಿಂದ ಸೆಪ್ಟೆಂಬರ್‌ಗೆ ಅನ್ವಯ. ಜೂನ್‌ನಲ್ಲಿ ಹದಿನೆಂಟು ಗಂಟೆ ಬೆಳಕು. ಹಾಗಾಗಿ ಮ್ಯೂಸಿಯಂಗಳನ್ನು ಹಗಲು ಮುಗಿಸಿ, ಸುತ್ತಾಟವನ್ನು ರಾತ್ರಿ ಊಟದ ನಂತರ ಇಟ್ಟುಕೊಳ್ಳಬಹುದು. ಒಂದು ಎಚ್ಚರಿಕೆ: ಮಿಡ್‌ಸಮ್ಮರ್ ಹಬ್ಬದ ಶುಕ್ರವಾರ ಜೂನ್ 19ರಿಂದ 25ರ ನಡುವೆ ಬರುತ್ತದೆ. ಅವತ್ತು ಊರಿನವರೆಲ್ಲ ಹಳ್ಳಿಗೆ ಹೋಗಿರುತ್ತಾರೆ, ಅಂಗಡಿ ಹೋಟೆಲ್‌ಗಳು ಬಹಳಷ್ಟು ಮುಚ್ಚಿರುತ್ತವೆ. ಅವತ್ತೇ ಬಂದಿಳಿದರೆ ಸ್ಕಾನ್ಸೆನ್‌ಗೆ ಹೋಗಿ, ಹೂವಿನ ಕಂಬದ ಸುತ್ತ ಕುಣಿಯುವುದನ್ನು ಅಲ್ಲಿ ನೋಡಬಹುದು.

ಡಿಸೆಂಬರ್‌ನಲ್ಲಿ ಆರು ಗಂಟೆಯಷ್ಟೇ ಹಗಲು, ಮೂರಕ್ಕೆಲ್ಲ ಕತ್ತಲು. ಆಗ ಲೆಕ್ಕ ತಿರುವುಮುರುವು. ಹೊರಗಿನದನ್ನು ಹತ್ತರಿಂದ ಎರಡರೊಳಗೆ ಮುಗಿಸಿ, ಒಳಗಿನದನ್ನು ಕತ್ತಲಾದ ಮೇಲೆ ನೋಡಿ. ದ್ವೀಪಸ್ತೋಮ ಬಿಟ್ಟುಬಿಡಿ, ಫೆರ್ರಿ ಒಂದೇ ಸಾಕು. ಹಳೆ ಊರಿನ ಸ್ಟೂರ್‌ಟೋರ್ಯೆಟ್ ಚೌಕದ ಕ್ರಿಸ್‌ಮಸ್ ಸಂತೆ, ಡಿಸೆಂಬರ್ 13ರ ಲೂಸಿಯಾ ಹಬ್ಬದ ದೀಪಗಳು ಆಗಷ್ಟೇ ಸಿಗುವಂಥವು. ಹಿಮಕ್ಕಿಂತ ಫುಟ್‌ಪಾತ್ ಮೇಲಿನ ಮಂಜುಗಡ್ಡೆ ಅಪಾಯ. ಮಾಮೂಲಿ ಸ್ಪೋರ್ಟ್ಸ್ ಶೂ ಜಾರುತ್ತದೆ, ಹಿಡಿತ ಇರುವ ತಳದ ಬೂಟು ಬೇಕೇ ಬೇಕು.

ಆರ್ಲಾಂಡಾದಿಂದ ಊರಿಗೆ

ವಿಮಾನ ನಿಲ್ದಾಣ ಊರಿನಿಂದ ಸುಮಾರು 40 ಕಿಲೋಮೀಟರ್. ಆರ್ಲಾಂಡಾ ಎಕ್ಸ್‌ಪ್ರೆಸ್ ರೈಲು ಇಪ್ಪತ್ತು ನಿಮಿಷದೊಳಗೆ ತಲುಪಿಸುತ್ತದೆ, ಬೆಲೆ ಜಾಸ್ತಿ. ಏರ್‌ಪೋರ್ಟ್ ಬಸ್ ಮುಕ್ಕಾಲು ಗಂಟೆ, ಬೆಲೆ ಮಧ್ಯಮ, ಲಗೇಜ್ ಇಡುವುದೂ ಸುಲಭ. ಲೋಕಲ್ ರೈಲು ಸುಮಾರು ನಲವತ್ತು ನಿಮಿಷ, ಆದರೆ ಆ ನಿಲ್ದಾಣಕ್ಕೆಂದೇ ಹೆಚ್ಚುವರಿ ಶುಲ್ಕ ಇರುತ್ತದೆ. ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ 583ನೇ ನಂಬರಿನ ಬಸ್ಸಿನಲ್ಲಿ ಮ್ಯಾಶ್ಟಾಗೆ ಹೋಗಿ, ಅಲ್ಲಿಂದ ಲೋಕಲ್ ರೈಲು ಹಿಡಿಯುವುದು. ಸಾಮಾನ್ಯ ಎಸ್‌ಎಲ್ ಟಿಕೆಟ್‌ನಲ್ಲೇ ಆಗುತ್ತದೆ, ಸಮಯ ಒಂದು ಗಂಟೆ ದಾಟುತ್ತದೆ. ಎರಡೇ ದಿನಕ್ಕೆ ಬಂದವರು ಬರುವಾಗ ಎಕ್ಸ್‌ಪ್ರೆಸ್‌ಗೆ ಕೊಟ್ಟರೂ ಸರಿ, ಉಳಿದ ಮುಕ್ಕಾಲು ಗಂಟೆಯಲ್ಲಿ ಸ್ಲುಸ್ಸೆನ್ ಫೆರ್ರಿ ಹತ್ತಿ ಇಳಿಯಬಹುದು. ಹೋಗುವಾಗ ಅವಸರವಿಲ್ಲದಿದ್ದರೆ ಬಸ್ಸೇ ಹಿಡಿಯಿರಿ.